ಆಪ್ತಸಲಹೆಯಲ್ಲಿ ಸಲಹೆಯೇ ಇಲ್ಲವೇ? ಥೆರಪಿಯ ಕೋಣೆಯಲ್ಲಿ ನಿಜವಾಗಿ ನಡೆಯುವುದು

ವಿಶಾಖಪಟ್ಟಣದಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ 2025ರ ಜುಲೈ 25ರಂದು ತೀರ್ಪು ನೀಡಿದ ಸುಪ್ರೀಂ ಕೋರ್ಟ್, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಮಕ್ಕಳ ಮನಸ್ಸಿನ ಆರೋಗ್ಯದ ಬಗ್ಗೆ ತರಬೇತಿ ಪಡೆದ ಆಪ್ತಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜಕಾರ್ಯಕರ್ತರೋ ಒಬ್ಬರಾದರೂ ಇರಬೇಕೆಂದು ನಿರ್ದೇಶಿಸಿತು. ಬೆಂಗಳೂರಿನ ಕಂಪನಿಗಳ ಮತ್ತು ಸಿನಿಮಾ ತಾರೆಯರ ಸಂದರ್ಶನಗಳ ಮಾತಾಗಿದ್ದ ‘ಥೆರಪಿ’, ಅಂದರೆ ಮಾತಿನ ಮೂಲಕ ನಡೆಯುವ ಮನಸ್ಸಿನ ಚಿಕಿತ್ಸೆ, ಹೀಗೆ ಪಿಯು ಕಾಲೇಜಿನ ಪೋಷಕರ ಸಭೆಯವರೆಗೂ ಬಂದಿದೆ. ‘ನಿಮ್ಮ ಮಗಳನ್ನು ಒಮ್ಮೆ ಕೌನ್ಸೆಲರ್ ಹತ್ತಿರ ಕಳಿಸಿ’ ಎಂದು ಉಪನ್ಯಾಸಕರು ಹೇಳಿದಾಗ ತಂದೆತಾಯಿ ಮನೆಗೆ ಹೋಗುವ ದಾರಿಯಲ್ಲಿ ಮಾತಾಡಿಕೊಳ್ಳುವುದು ಸಾಮಾನ್ಯವಾಗಿ ಎರಡೇ ವಿಷಯ: ‘ಅವಳಿಗೆ ಅಂಥದ್ದೇನಾಗಿದೆ?’ ಮತ್ತು ‘ಬರೀ ಮಾತಾಡೋದಕ್ಕೆ ಅಲ್ಲಿಗ್ಯಾಕೆ, ನಾವಿಲ್ವಾ?’

ಎರಡೂ ನ್ಯಾಯವಾದ ಪ್ರಶ್ನೆಗಳು. ನಮ್ಮ ಬದುಕಿನಲ್ಲಿ ಕಷ್ಟ ಹೇಳಿಕೊಳ್ಳುವ ಜಾಗಗಳು ಮೊದಲಿನಿಂದಲೂ ಇವೆ. ಬುದ್ಧಿ ಹೇಳುವ ಹಿರಿಯರು, ಮಾತ್ರೆ ಬರೆದುಕೊಡುವ ಡಾಕ್ಟರು, ಪ್ರಸಾದ ಕೊಟ್ಟು ಧೈರ್ಯ ತುಂಬುವ ಸ್ವಾಮಿಗಳು, ಎಲ್ಲವನ್ನೂ ಕೇಳಿಸಿಕೊಳ್ಳುವ ಗೆಳತಿ ಎಲ್ಲರೂ ನಮಗೆ ಪರಿಚಿತರು. ಥೆರಪಿಯನ್ನು ಹೊರಗಿನಿಂದ ನೋಡುವಾಗ ಈ ನಾಲ್ವರಲ್ಲಿ ಒಬ್ಬರ ಚಿತ್ರವನ್ನು ಅದರ ಮೇಲಿಟ್ಟು ನೋಡುತ್ತೇವೆ. ತಪ್ಪು ತಿಳಿವಳಿಕೆಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಹುಟ್ಟುತ್ತವೆ.

ಯಾರು ಯಾರು?

ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ. ಎಂಬಿಬಿಎಸ್ ಮುಗಿಸಿ, ಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ. ಅಥವಾ ಅದಕ್ಕೆ ಸಮನಾದ ಪದವಿ ಪಡೆದವರು ಮನೋವೈದ್ಯರು. ಕಾಯಿಲೆಯನ್ನು ಗುರುತಿಸಿ ಔಷಧ ಬರೆಯುವ ಅಧಿಕಾರ ಅವರಿಗಿದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯ ನಂತರ ಆಸ್ಪತ್ರೆಯಲ್ಲಿ ರೋಗಿಗಳ ನಡುವೆಯೇ ಎರಡು ವರ್ಷದ ಎಂ.ಫಿಲ್.ನಂಥ ತರಬೇತಿ ಪಡೆದು, ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿಸಿಕೊಂಡವರು. ಇವರು ಮಾತ್ರೆ ಬರೆಯುವುದಿಲ್ಲ. ಮಾನಸಿಕ ಪರೀಕ್ಷೆಗಳನ್ನು ಮಾಡುತ್ತಾರೆ, ಮನೋಚಿಕಿತ್ಸೆ ನೀಡುತ್ತಾರೆ. ಕುಟುಂಬ, ಉದ್ಯೋಗ, ಸರ್ಕಾರಿ ಸೌಲಭ್ಯ ಇತ್ಯಾದಿಗಳನ್ನೂ ಸೇರಿಸಿಕೊಂಡು ಕೆಲಸ ಮಾಡುವವರು ಮನೋವೈದ್ಯಕೀಯ ಸಮಾಜಕಾರ್ಯಕರ್ತರು. ಶಾಲೆ, ಕಾಲೇಜು, ಕಂಪನಿಗಳಲ್ಲಿ ನಮಗೆ ಸಿಗುವವರು ಹೆಚ್ಚಾಗಿ ಆಪ್ತಸಮಾಲೋಚಕರು.

‘ಥೆರಪಿಸ್ಟ್’ ಎಂಬುದು ಇವರಲ್ಲಿ ಯಾರಿಗಾದರೂ ಒಪ್ಪಬಹುದಾದ ಸಡಿಲ ಪದ. ಸಮಾಲೋಚಕರ ತರಬೇತಿಯೆಲ್ಲ ಒಂದೇ ಮಟ್ಟದ್ದಲ್ಲ. ಎರಡು ವರ್ಷ ಓದಿ, ಅನುಭವಿಗಳ ಮೇಲ್ವಿಚಾರಣೆಯಲ್ಲಿ ಪಳಗಿದವರೂ ಇದ್ದಾರೆ, ನಾಲ್ಕು ವಾರಾಂತ್ಯಗಳ ಕೋರ್ಸ್ ಮುಗಿಸಿ ಫಲಕ ಹಾಕಿಕೊಂಡವರೂ ಇದ್ದಾರೆ. ಆದ್ದರಿಂದ ‘ನೀವು ಏನು ಓದಿದ್ದೀರಿ, ಎಲ್ಲಿ ತರಬೇತಿಯಾಯಿತು?’ ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಸರಿಯಾದ ತರಬೇತಿ ಪಡೆದವರು ಈ ಪ್ರಶ್ನೆಗೆ ಬೇಸರಿಸಿಕೊಳ್ಳುವುದಿಲ್ಲ.

‘ಸಲಹೆ ಕೊಡುತ್ತಾರೆ, ಅಷ್ಟೇ ತಾನೇ?’

ಈ ಗೊಂದಲದಲ್ಲಿ ನಮ್ಮ ಪತ್ರಿಕೆಗಳ ಕನ್ನಡಕ್ಕೂ ಸ್ವಲ್ಪ ಪಾಲಿದೆ. ಕೌನ್ಸೆಲಿಂಗ್‌ಗೆ ‘ಆಪ್ತಸಲಹೆ’ ಎಂಬ ಪದ ಬಳಕೆಗೆ ಬಂದುಬಿಟ್ಟಿದೆ. ಸಲಹೆ ಎಂದ ಮೇಲೆ ಕೊಡುವವರೊಬ್ಬರು, ತೆಗೆದುಕೊಳ್ಳುವವರೊಬ್ಬರು ಎಂದಾಯಿತು. ‘ಆಪ್ತಸಮಾಲೋಚನೆ’ ಎಂಬ ಇನ್ನೊಂದು ಪದ ಉದ್ದವಾದರೂ ನಿಜಕ್ಕೆ ಹತ್ತಿರ, ಏಕೆಂದರೆ ಅದರಲ್ಲಿ ಕೂಡಿ ಆಲೋಚಿಸುವ ಅರ್ಥವಿದೆ. ‘ಮದುವೆ ಮುರಿದುಕೊಳ್ಳಲೇ, ಬೇಡವೇ?’ ಎಂದು ಕೇಳಿಕೊಂಡು ಹೋದವರಿಗೆ ಥೆರಪಿಸ್ಟ್ ಉತ್ತರ ಹೇಳುವುದಿಲ್ಲ. ಆ ಪ್ರಶ್ನೆ ಇಷ್ಟು ವರ್ಷ ಇತ್ಯರ್ಥವಾಗದೆ ಉಳಿದದ್ದೇಕೆ, ನಿರ್ಧಾರದ ಹತ್ತಿರ ಬಂದಾಗಲೆಲ್ಲ ಯಾವ ಭಯ ಅಡ್ಡ ಬರುತ್ತದೆ, ಆ ಭಯದಲ್ಲಿ ನಿಜವೆಷ್ಟು, ಊಹೆಯೆಷ್ಟು ಎಂಬುದನ್ನು ಜೊತೆಗೆ ಕೂತು ಬಿಡಿಸುತ್ತಾರೆ. ಬಂದವರಿಗೆ ಇದು ಮೊದಮೊದಲು ನಿರಾಸೆಯನ್ನೇ ತರುತ್ತದೆ. ‘ದುಡ್ಡು ಕೊಟ್ಟರೂ ಒಂದು ಉತ್ತರ ಹೇಳಲಿಲ್ಲ’ ಎಂದು ಎದ್ದು ಬಂದವರೂ ಇದ್ದಾರೆ.

ಈ ನಿರಾಸೆಗೆ ಸಾಂಸ್ಕೃತಿಕ ಕಾರಣವಿದೆ ಎಂಬುದನ್ನು ಭಾರತೀಯ ಮನೋವೈದ್ಯರು ಬಹಳ ಹಿಂದೆಯೇ ಗಮನಿಸಿದ್ದರು. 1973ರಲ್ಲಿ ಜೆ.ಎಸ್. ನೇಕಿ ಅವರು ಗುರು ಮತ್ತು ಶಿಷ್ಯರ ಸಂಬಂಧವನ್ನೇ ಚಿಕಿತ್ಸೆಯ ಮಾದರಿಯಾಗಿ ನೋಡಬಹುದೇ ಎಂದು ಚರ್ಚಿಸಿದರು. ಪಶ್ಚಿಮದ ಮಾದರಿಯಲ್ಲಿ ಚಿಕಿತ್ಸಕ ದೂರದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರೆ ನಮ್ಮವರಿಗೆ ಅದು ಉದಾಸೀನದಂತೆ ಕಾಣಬಹುದು, ಮಾರ್ಗ ತೋರುವ ಹಿರಿಯರೊಬ್ಬರನ್ನು ಅವರು ನಿರೀಕ್ಷಿಸುತ್ತಾರೆ. ಹಾಗಾಗಿ ಇಲ್ಲಿ ಕೆಲಸ ಮಾಡುವವರು ಅಗತ್ಯವಿದ್ದಾಗ ನಿದ್ರೆಯ ಕ್ರಮ, ದಿನಚರಿ, ಕುಡಿತ ಮುಂತಾದವುಗಳ ಬಗ್ಗೆ ನೇರವಾಗಿ ಹೇಳುವುದೂ ಉಂಟು. ಬದುಕಿನ ದೊಡ್ಡ ತೀರ್ಮಾನಗಳನ್ನು ಮಾತ್ರ ಅವರು ತೆಗೆದುಕೊಡುವುದಿಲ್ಲ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ

ಬರೀ ಮಾತು ಹೇಗೆ ಚಿಕಿತ್ಸೆಯಾಗುತ್ತದೆ ಎಂಬುದಕ್ಕೆ ಪ್ಯಾನಿಕ್ ತೊಂದರೆಯಷ್ಟು ಸ್ಪಷ್ಟ ಉದಾಹರಣೆ ಬೇರೆ ಸಿಗದು. ಹಾಸನದ ಕಡೆಯ, 35ರ ವಯಸ್ಸಿನ ಮೇಷ್ಟ್ರೊಬ್ಬರನ್ನು ಕಲ್ಪಿಸಿಕೊಳ್ಳಿ. ಒಂದು ಸೋಮವಾರ ಬೆಳಿಗ್ಗೆ ತುಂಬಿದ ಬಸ್ಸಿನಲ್ಲಿ ನಿಂತಿದ್ದಾಗ ಎದೆ ಡವಡವ ಹೊಡೆದುಕೊಳ್ಳತೊಡಗುತ್ತದೆ, ಅಂಗೈ ಬೆವರುತ್ತದೆ, ಉಸಿರು ಸಾಲದಂತಾಗುತ್ತದೆ. ಹಾರ್ಟ್ ಅಟ್ಯಾಕೇ ಇರಬೇಕೆಂದು ಆಸ್ಪತ್ರೆಗೆ ಓಡುತ್ತಾರೆ. ಇಸಿಜಿ ಸರಿಯಾಗಿದೆ, ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಕಳಿಸುತ್ತಾರೆ. ಹತ್ತು ದಿನದ ಮೇಲೆ ಮತ್ತೆ ಅದೇ. ಅಲ್ಲಿಂದ ಮೇಷ್ಟ್ರು ಬಸ್ಸು ಬಿಟ್ಟು ಬೈಕ್ ಹಿಡಿಯುತ್ತಾರೆ. ಆಮೇಲೆ ಜಾತ್ರೆ ಬಿಡುತ್ತಾರೆ, ಮದುವೆ ಮನೆಗಳಲ್ಲಿ ಬಾಗಿಲ ಹತ್ತಿರವೇ ಕೂರುತ್ತಾರೆ, ನಾಲಿಗೆಯ ಕೆಳಗಿಡುವ ಮಾತ್ರೆಯೊಂದನ್ನು ಜೇಬಿನಲ್ಲಿಟ್ಟುಕೊಳ್ಳದೆ ಹೊರಗೆ ಹೊರಡುವುದಿಲ್ಲ. ಮನೆಯವರೆಲ್ಲ ‘ಧೈರ್ಯ ತಗೊಳ್ಳಿ, ಏನೂ ಆಗಲ್ಲ’ ಎನ್ನುತ್ತಾರೆ. ಆ ಮಾತು ನಿಜವೇ, ಆದರೂ ಅದರಿಂದ ಏನೂ ಆಗುವುದಿಲ್ಲ.

ಇಲ್ಲಿ ನಡೆಯುತ್ತಿರುವುದೇನೆಂಬುದನ್ನು 1986ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ ಒಂದು ಸುತ್ತಿನಂತೆ ವಿವರಿಸಿದರು. ಸೆಕೆಗೋ ದಣಿವಿಗೋ ಎದೆಬಡಿತ ತುಸು ಏರುತ್ತದೆ. ‘ಇದು ಹೃದಯಾಘಾತ’ ಎಂದು ಮನಸ್ಸು ಅದನ್ನು ಓದಿಕೊಳ್ಳುತ್ತದೆ. ಹಾಗೆ ಓದಿಕೊಂಡ ಕ್ಷಣವೇ ಭಯ ಹುಟ್ಟುತ್ತದೆ, ಭಯದಿಂದ ಎದೆಬಡಿತ ಇನ್ನೂ ಏರುತ್ತದೆ, ಏರಿದ ಬಡಿತ ಮೊದಲಿನ ಅನುಮಾನಕ್ಕೆ ಸಾಕ್ಷಿಯಾಗುತ್ತದೆ. ಬಸ್ಸಿನಿಂದ ಇಳಿದುಬಿಟ್ಟರೆ ಹಾಯೆನಿಸುತ್ತದೆ ನಿಜ, ಆದರೆ ‘ಇಳಿದದ್ದರಿಂದ ಬದುಕಿದೆ’ ಎಂಬ ತಪ್ಪು ಪಾಠವನ್ನೂ ಮನಸ್ಸು ಅದೇ ಹೊತ್ತಿನಲ್ಲಿ ಕಲಿತುಬಿಡುತ್ತದೆ.

ಥೆರಪಿಸ್ಟ್ ಈ ಸುತ್ತನ್ನು ಮೇಷ್ಟ್ರ ಬಾಯಿಂದಲೇ ಹೊರಡಿಸಿ ಹಾಳೆಯ ಮೇಲೆ ಬರೆಯುತ್ತಾರೆ. ಹೃದಯ ಸರಿಯಾಗಿದೆ ಎಂಬ ವೈದ್ಯರ ವರದಿ ಕೈಯಲ್ಲಿದ್ದರೆ ಮುಂದೊಂದು ದಿನ, ‘ಈಗ ಒಂದು ನಿಮಿಷ ಜೋರಾಗಿ, ಬೇಗ ಬೇಗ ಉಸಿರಾಡೋಣ’ ಎಂದು ತಾವೂ ಜೊತೆಗೂಡುತ್ತಾರೆ. ಅರ್ಧ ನಿಮಿಷದಲ್ಲೇ ತಲೆ ಹಗುರಾಗುತ್ತದೆ, ಬೆರಳ ತುದಿಗಳು ಜುಮುಗುಡುತ್ತವೆ, ಎದೆ ಹೊಡೆದುಕೊಳ್ಳುತ್ತದೆ. ‘ಬಸ್ಸಿನಲ್ಲಿ ಆದದ್ದು ಇದೇನಾ?’ ‘ಹೆಚ್ಚೂಕಡಿಮೆ ಇದೇ, ಮೇಡಂ.’ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಾಗಲೇ ಅದು ಬಂತು, ಯಾರೂ ಸಾಯಲಿಲ್ಲ, ಎರಡು ಮೂರು ನಿಮಿಷದಲ್ಲಿ ತಾನೇ ಇಳಿಯಿತು. ‘ಏನೂ ಆಗಲ್ಲ’ ಎಂದು ನೂರು ಜನ ಹೇಳಿದಾಗ ನಂಬದ ಮನಸ್ಸು ಇದನ್ನು ನಂಬತೊಡಗುತ್ತದೆ.

ಮುಂದಿನದು ಮನೆಗೆಲಸ. ಈ ವಾರ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತು ಬರುವುದು. ಮುಂದಿನ ವಾರ ಹೆಂಡತಿಯ ಜೊತೆ ಒಂದು ಸ್ಟಾಪ್, ಆಮೇಲೆ ಒಬ್ಬರೇ ಮೂರು ಸ್ಟಾಪ್, ಕೊನೆಗೆ ಸೋಮವಾರ ಬೆಳಗಿನ ತುಂಬಿದ ಬಸ್ಸು, ಜೇಬಿನ ಮಾತ್ರೆಯನ್ನು ಮನೆಯಲ್ಲೇ ಬಿಟ್ಟು. ಪ್ರತಿ ಸಲವೂ ಭಯ ನೂರಕ್ಕೆ ಎಷ್ಟಿತ್ತು, ಎಷ್ಟು ಹೊತ್ತಿಗೆ ಇಳಿಯಿತು ಎಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಬಾವಿಯಲ್ಲಿ ಈಜು ಕಲಿಸುವವರು ಸೊಂಟಕ್ಕೆ ಸೋರೆಬುರುಡೆ ಕಟ್ಟಿ ಇಳಿಸುತ್ತಿದ್ದರಲ್ಲ, ಕೆಲಸದ ಕ್ರಮ ಅದೇ. ದಡದ ಮೇಲೆ ನಿಂತು ಭಾಷಣ ಮಾಡಿದರೆ ಯಾರಿಗೂ ಈಜು ಬರುವುದಿಲ್ಲ. ಬುರುಡೆಯನ್ನು ಎಂದಾದರೂ ಬಿಚ್ಚಲೇಬೇಕೆಂಬುದೂ ಕಲಿಸುವವರಿಗೆ ಮೊದಲೇ ಗೊತ್ತಿರುತ್ತದೆ. ‘ಥೆರಪಿಗೆ ಒಗ್ಗಿಹೋದರೆ ಬಿಡಲಾಗುವುದಿಲ್ಲ’ ಎಂಬ ಆತಂಕಕ್ಕೂ ಉತ್ತರ ಇದರಲ್ಲೇ ಇದೆ.

ಈ ವಿಧಾನವನ್ನು ಸಿಬಿಟಿ, ಅಂದರೆ ಅರಿವು ಮತ್ತು ವರ್ತನೆಯ ಚಿಕಿತ್ಸೆ ಎನ್ನುತ್ತಾರೆ. ಎಲ್ಲ ಥೆರಪಿಯೂ ಹೀಗೇ ಇರುವುದಿಲ್ಲ. ದುಃಖ, ದಾಂಪತ್ಯದ ಬಿರುಕು, ಬಾಲ್ಯದಲ್ಲಾದ ಆಘಾತ ಇವುಗಳ ದಾರಿಗಳು ಬೇರೆ, ವೇಗವೂ ಬೇರೆ.

‘ಹುಚ್ಚಿದ್ದವರು ಹೋಗುವ ಜಾಗ’

ಬೆಂಗಳೂರಿನಲ್ಲಿ ಯಾರಾದರೂ ವಿಚಿತ್ರವಾಗಿ ಮಾತಾಡಿದರೆ ‘ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು’ ಎಂದು ಗೇಲಿ ಮಾಡುವುದುಂಟು. ಈ ಗೇಲಿಗೆ ಇತಿಹಾಸವಿದೆ. ನಿಮ್ಹಾನ್ಸ್‌ನ ಮೂಲ 1847ರಲ್ಲಿ ಆರಂಭವಾದ ಹುಚ್ಚಾಸ್ಪತ್ರೆ. 1925ರಲ್ಲಿ ಮೈಸೂರು ಸರ್ಕಾರ ಅದಕ್ಕೆ ಮಾನಸಿಕ ಆಸ್ಪತ್ರೆ ಎಂದು ಹೆಸರಿಟ್ಟಿತು. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, 1974ರಲ್ಲಿ ಎರಡೂ ಕೂಡಿ ಇಂದಿನ ನಿಮ್ಹಾನ್ಸ್ ಆಯಿತು. ಸಂಸ್ಥೆ ಬದಲಾದಷ್ಟು ಬೇಗ ಜನರ ಬಾಯಲ್ಲಿ ಅದರ ಅರ್ಥ ಬದಲಾಗಲಿಲ್ಲ.

ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಅದರಲ್ಲಿ ದೊಡ್ಡ ಪಾಲು ಖಿನ್ನತೆ, ಆತಂಕ, ವ್ಯಸನಗಳದ್ದು. ಜನ ‘ಹುಚ್ಚು’ ಎನ್ನುವ ತೀವ್ರ ಕಾಯಿಲೆಗಳ ಪಾಲು ಸಣ್ಣದು. ಬೇರೆ ಬೇರೆ ತೊಂದರೆಗಳಲ್ಲಿ ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ ಶೇ 70ರಿಂದ 92ರವರೆಗಿತ್ತು. ಅವರಲ್ಲಿ ಅನೇಕರು ತಮಗೆ ಮನಸ್ಸಿನ ತೊಂದರೆ ಇದೆ ಎಂದುಕೊಂಡವರೇ ಅಲ್ಲ. ತಲೆಭಾರ, ಕೈಕಾಲು ಸೋಲು, ಹೊಟ್ಟೆ ಕಿವುಚಿದಂತಾಗುವುದು, ನಿದ್ದೆ ಇಲ್ಲದಿರುವುದು ಎಂದು ಸ್ಕ್ಯಾನ್‌ನಿಂದ ಸ್ಕ್ಯಾನ್‌ಗೆ ಅಲೆದವರು. ನೋವು ಸುಳ್ಳಲ್ಲ, ಅದರ ಬೇರು ಎಲ್ಲಿದೆ ಎಂಬುದಷ್ಟೇ ಪ್ರಶ್ನೆ.

ಕಾಯಿಲೆ ಎನ್ನುವಷ್ಟು ಏನೂ ಇಲ್ಲದವರೂ ಹೋಗುತ್ತಾರೆ. ಬಾಣಂತನದ ನಂತರ ತಡೆಯಲಾಗದ ಅಳು, ಅಪ್ಪ ತೀರಿಕೊಂಡು ವರ್ಷವಾದರೂ ಅವರ ಕೋಣೆಗೆ ಕಾಲಿಡಲಾಗದಿರುವುದು, ನಿವೃತ್ತಿಯ ಮಾರನೆಯ ದಿನದಿಂದ ಹಿಡಿದ ಮಂಕು, ಇವೆಲ್ಲ ಸಾಕಷ್ಟು ಕಾರಣಗಳೇ.

ಮಾತ್ರೆಯೋ ಮಾತೋ?

‘ಹೋದರೆ ಮಾತ್ರೆ ಕೊಟ್ಟು ಮಲಗಿಸಿಬಿಡುತ್ತಾರೆ’ ಎಂಬುದು ಒಂದು ಭಯ. ‘ಮಾತ್ರೆ ಬೇಡವೇ ಬೇಡ, ಥೆರಪಿಯಲ್ಲೇ ಗುಣವಾಗಲಿ’ ಎಂಬುದು ಈಚೆಗೆ ಓದಿದವರಲ್ಲಿ ಕಾಣುವ ಅದರ ತದ್ವಿರುದ್ಧ ನಂಬಿಕೆ. ಉತ್ತರ ಕಾಯಿಲೆಯನ್ನು ಅವಲಂಬಿಸಿದೆ. ಸೌಮ್ಯ ಖಿನ್ನತೆ, ಪ್ಯಾನಿಕ್, ಭೀತಿಗಳಿಗೆ ಮನೋಚಿಕಿತ್ಸೆಯೊಂದೇ ಸಾಕಾಗಬಹುದು. ತೀವ್ರ ಖಿನ್ನತೆಯಲ್ಲಿ ಹಾಸಿಗೆಯಿಂದ ಏಳಲೂ ಆಗದವರಿಗೆ ಮೊದಲು ಔಷಧ ಆಸರೆಯಾದರೆ ಮಾತಿಗೆ ಕೂರುವ ತ್ರಾಣ ಬರುತ್ತದೆ. ಭ್ರಮೆಗಳು ಕಾಡುವ ಸ್ಕಿಜೋಫ್ರೇನಿಯಾ, ಅತಿ ಉತ್ಸಾಹ ಮತ್ತು ಖಿನ್ನತೆಯ ನಡುವೆ ತೂಗಾಡಿಸುವ ಬೈಪೋಲಾರ್ ಕಾಯಿಲೆಗಳಲ್ಲಿ ಔಷಧವೇ ಅಡಿಪಾಯ. ಥೆರಪಿ ಮತ್ತು ಕುಟುಂಬದವರಿಗೆ ಕೊಡುವ ತಿಳಿವಳಿಕೆ ಅದರ ಮೇಲೆ ನಿಲ್ಲುತ್ತವೆ. ನಿದ್ದೆಗೆಂದು ಕೊಡುವ ಕೆಲವು ಮಾತ್ರೆಗಳು ಹೆಚ್ಚು ಕಾಲ ತೆಗೆದುಕೊಂಡರೆ ಅಭ್ಯಾಸ ಹಿಡಿಸುತ್ತವೆ ಎಂಬುದು ನಿಜ. ಖಿನ್ನತೆಯ ಔಷಧಗಳು ಆ ಬಗೆಯವಲ್ಲ, ಆದರೂ ಅವನ್ನು ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು.

ಸೋಫಾ, ಬಾಲ್ಯ ಮತ್ತು ವರ್ಷಗಟ್ಟಲೆಯ ಲೆಕ್ಕ

ಸಿನಿಮಾಗಳು ಕೊಟ್ಟ ಚಿತ್ರ ಇದು: ಮೆತ್ತನೆಯ ಹಾಸಿನ ಮೇಲೆ ಮಲಗಿದ ರೋಗಿ, ತಲೆಯ ಹಿಂದೆ ಗಡ್ಡದ ವೈದ್ಯ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್ ರೂಪಿಸಿದ, ಮನದಾಳದ ಹಳೆಯ ನೆನಪುಗಳನ್ನು ಕೆದಕಿ ನೋಡುವ ಮನೋವಿಶ್ಲೇಷಣೆಯ ಚಿತ್ರ ಅದು. 1922ರಲ್ಲೇ ಗಿರೀಂದ್ರಶೇಖರ ಬೋಸ್ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಕಟ್ಟಿದ್ದರು ಎಂಬುದು ಹಲವರಿಗೆ ಅಚ್ಚರಿಯ ಸಂಗತಿ. ಆ ಪದ್ಧತಿ ಈಗಲೂ ಇದೆ. ಆದರೆ ಅದೇ ಪದ್ಧತಿಯಲ್ಲಿ ತರಬೇತಿ ಪಡೆದಿದ್ದ ಅಮೆರಿಕದ ಆರನ್ ಬೆಕ್ 1960ರ ದಶಕದಲ್ಲಿ, ರೋಗಿಗಳನ್ನು ಕಾಡುತ್ತಿರುವ ಇಂದಿನ ಯೋಚನೆಗಳನ್ನೇ ನೇರವಾಗಿ ಪರಿಶೀಲಿಸುವ ದಾರಿ ಹಿಡಿದರು. ಇಂದು ಆಸ್ಪತ್ರೆಗಳಲ್ಲಿ ಹೆಚ್ಚು ಕಾಣುವುದು ಎದುರುಬದುರು ಎರಡು ಕುರ್ಚಿ, 45ರಿಂದ 50 ನಿಮಿಷ, ವಾರಕ್ಕೊಮ್ಮೆ. ಬಾಲ್ಯದ ಮಾತು ಬರುವುದು ಇಂದಿನ ಕಷ್ಟಕ್ಕೆ ಅದು ತಗಲಿಕೊಂಡಿದ್ದರೆ ಮಾತ್ರ.

ಎಷ್ಟು ಸಲ ಹೋಗಬೇಕು ಎಂಬುದಕ್ಕೆ ನಮ್ಮ ನೆರೆಯ ಗೋವಾದಿಂದ ಒಳ್ಳೆಯ ಉದಾಹರಣೆಯಿದೆ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಮನೋವೈದ್ಯಕೀಯದ ಹಿನ್ನೆಲೆಯಿಲ್ಲದ ಸ್ಥಳೀಯರಿಗೇ ತರಬೇತಿ ಕೊಟ್ಟು, ತೀವ್ರತರ ಖಿನ್ನತೆಯಿರುವವರಿಗೆ 6ರಿಂದ 8 ಭೇಟಿಗಳ ಸರಳ ಚಿಕಿತ್ಸೆ ನೀಡಲಾಯಿತು. ಬಿಟ್ಟುಹೋದ ಚಿಕ್ಕಪುಟ್ಟ ಚಟುವಟಿಕೆಗಳನ್ನು ಒಂದೊಂದಾಗಿ ದಿನಚರಿಗೆ ಮರಳಿ ತರುವುದೇ ಅದರ ತಿರುಳು. 2017ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ತಿಂಗಳ ನಂತರ ಈ ಚಿಕಿತ್ಸೆ ಪಡೆದವರಲ್ಲಿ ಶೇ 64ರಷ್ಟು ಮಂದಿ ಖಿನ್ನತೆಯ ಮಟ್ಟದಿಂದ ಕೆಳಗಿಳಿದಿದ್ದರು. ವೈದ್ಯರ ಮಾಮೂಲಿ ಆರೈಕೆಯನ್ನಷ್ಟೇ ಪಡೆದವರಲ್ಲಿ ಆ ಪ್ರಮಾಣ ಶೇ 39.

ಹೇಳಿದ್ದು ಹೊರಗೆ ಹೋಗುವುದಿಲ್ಲವೇ?

ಸಣ್ಣ ಊರುಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಅಳುಕು. ಹೆಣ್ಣು ನೋಡಲು ಬರುವವರಿಗೆ ಗೊತ್ತಾದರೆ? ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ, 2017ರ 23ನೆಯ ಸೆಕ್ಷನ್ ಚಿಕಿತ್ಸೆಯ ವಿವರಗಳ ಗೋಪ್ಯತೆಯನ್ನು ರೋಗಿಯ ಹಕ್ಕಾಗಿಸಿದೆ. ಪಳಗಿದ ಥೆರಪಿಸ್ಟ್‌ಗಳು ಸಂತೆಯಲ್ಲಿ ಎದುರಾದರೆ ನಿಮ್ಮನ್ನು ತಾವಾಗಿ ಮಾತಾಡಿಸುವುದೂ ಇಲ್ಲ, ಏಕೆಂದರೆ ಜೊತೆಗಿದ್ದವರು ‘ಯಾರವರು?’ ಎಂದು ಕೇಳಿದರೆ ಉತ್ತರಿಸುವ ಕಷ್ಟ ನಿಮ್ಮದಾಗಬಾರದು. ಅದನ್ನು ಸೊಕ್ಕು ಎಂದು ತಿಳಿಯಬೇಕಿಲ್ಲ.

ಗೋಪ್ಯತೆಗೆ ಮಿತಿಗಳೂ ಇವೆ, ಅವನ್ನು ಮೊದಲ ಭೇಟಿಯಲ್ಲೇ ಹೇಳುತ್ತಾರೆ. ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದರೆ, ನ್ಯಾಯಾಲಯ ಕೇಳಿದರೆ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ ಗುಟ್ಟು ಉಳಿಸಲಾಗದು. ಕೊನೆಯದನ್ನು ಪೋಕ್ಸೊ ಕಾಯ್ದೆಯಡಿ ವರದಿ ಮಾಡಲೇಬೇಕು.

ಇದರ ಪಕ್ಕದಲ್ಲೇ ಇರುವ ಇನ್ನೊಂದು ತಪ್ಪು ತಿಳಿವಳಿಕೆ ಅಪಾಯಕಾರಿಯಾದದ್ದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ಕೇಳಿದರೆ ಇಲ್ಲದ್ದನ್ನು ತಲೆಗೆ ತುಂಬಿದಂತೆ ಎಂದು ಜನ ಹೆದರುತ್ತಾರೆ. ಅಧ್ಯಯನಗಳು ಹಾಗೆ ಹೇಳುವುದಿಲ್ಲ. ನೇರವಾಗಿ, ಕರುಣೆಯಿಂದ ಕೇಳಿದಾಗ ಬಹಳ ಮಂದಿಗೆ ಒಳಗಿನ ಭಾರ ಇಳಿಸಲು ಜಾಗ ಸಿಕ್ಕಂತಾಗುತ್ತದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಬೇಕು, ಅವರಿಗೆ ಸರ್ಕಾರ ಆರೈಕೆ ನೀಡಬೇಕು ಎಂದು ಅದೇ 2017ರ ಕಾಯ್ದೆಯ 115ನೆಯ ಸೆಕ್ಷನ್ ಹೇಳುತ್ತದೆ.

ನಿಜಕ್ಕೂ ಗುಣವಾಗುತ್ತದೆಯೇ?

ಈ ಅನುಮಾನ ವಿಜ್ಞಾನಿಗಳಿಗೂ ಇತ್ತು. 1952ರಲ್ಲಿ ಲಂಡನ್ನಿನ ಮನಶ್ಶಾಸ್ತ್ರಜ್ಞ ಹಾನ್ಸ್ ಐಸೆಂಕ್, ಮನೋಚಿಕಿತ್ಸೆ ಪಡೆದವರು ಪಡೆಯದವರಿಗಿಂತ ಹೆಚ್ಚು ಗುಣವಾಗುತ್ತಾರೆ ಎನ್ನಲು ಆಧಾರವಿಲ್ಲ ಎಂದು ಬರೆದು ದೊಡ್ಡ ಜಗಳವನ್ನೇ ಎಬ್ಬಿಸಿದರು. ಅದರಿಂದ ಒಳ್ಳೆಯದೇ ಆಯಿತು, ಜನ ಅಳತೆಗೆ ಇಳಿದರು. 1977ರಲ್ಲಿ ಮೇರಿ ಸ್ಮಿತ್ ಮತ್ತು ಜೀನ್ ಗ್ಲಾಸ್ ಸುಮಾರು 375 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಥೆರಪಿ ಪಡೆದ ಸರಾಸರಿ ವ್ಯಕ್ತಿಯ ಸ್ಥಿತಿ, ಪಡೆಯದವರಲ್ಲಿ ಶೇ 75ರಷ್ಟು ಮಂದಿಗಿಂತ ಉತ್ತಮವಾಗಿತ್ತು. ಎಲ್ಲರಿಗೂ ಎಲ್ಲ ಥೆರಪಿಯೂ ಒಗ್ಗುತ್ತದೆ ಎಂದು ಇದರ ಅರ್ಥವಲ್ಲ. ಕೆಲವು ಭೇಟಿಗಳ ನಂತರ ಮನಸ್ಸು ಮೊದಲಿಗಿಂತ ಕದಡಿದಂತೆ ಅನಿಸುವುದು ಸಹಜ, ಮುಚ್ಚಿಟ್ಟದ್ದನ್ನು ತೆರೆದಾಗ ಹಾಗಾಗುತ್ತದೆ. ಆದರೆ ಐದಾರು ಭೇಟಿ ಕಳೆದರೂ ‘ಇವರಿಗೆ ನನ್ನ ಮಾತು ಅರ್ಥವಾಗುತ್ತಿಲ್ಲ’ ಎನಿಸಿದರೆ ಅದನ್ನು ಅವರಿಗೇ ಹೇಳಬಹುದು, ಬೇರೆಯವರನ್ನು ಹುಡುಕಲೂಬಹುದು. ಇಬ್ಬರ ನಡುವಿನ ವಿಶ್ವಾಸ ಫಲಿತಾಂಶದ ದೊಡ್ಡ ಭಾಗ.

ಯಾವ ಭಾಷೆಯಲ್ಲಿ, ಎಲ್ಲಿ

ಇಂಗ್ಲಿಷಿನಲ್ಲೇ ಮಾತಾಡಬೇಕೇನೋ ಎಂಬ ಸಂಕೋಚ ಹಲವರಿಗಿದೆ. ಬೇಕಿಲ್ಲ, ಸಾಧ್ಯವಾದರೆ ಕನ್ನಡದಲ್ಲೇ ಮಾತಾಡುವುದು ಒಳ್ಳೆಯದು. ‘ಬೇಜಾರು’ ಎಂಬ ಒಂದೇ ಪದದಲ್ಲಿ ನಾವು ಹೊತ್ತು ಹೋಗದಿರುವುದನ್ನೂ, ಮನನೊಂದದ್ದನ್ನೂ, ಬದುಕೇ ಸಾಕಾದದ್ದನ್ನೂ ಹೇಳುತ್ತೇವೆ. ಕನ್ನಡ ಬಲ್ಲ ಥೆರಪಿಸ್ಟ್ ಅಲ್ಲಿ ತಡೆದು ‘ಎಂಥ ಬೇಜಾರು?’ ಎಂದು ಕೇಳುತ್ತಾರೆ. ಆ ಪ್ರಶ್ನೆಯಿಂದಲೇ ಎಷ್ಟೋ ವಿಷಯ ತೆರೆದುಕೊಳ್ಳುತ್ತದೆ. ಹೊರದೇಶದಲ್ಲಿರುವ ಕನ್ನಡಿಗರಲ್ಲಿ ಕೆಲವರು ವಿಡಿಯೊ ಕರೆಯಲ್ಲಾದರೂ ಊರಿನವರನ್ನೇ ಹುಡುಕುವುದಕ್ಕೆ ಇದೂ ಒಂದು ಕಾರಣ.

ಖಾಸಗಿ ಶುಲ್ಕ ಎಲ್ಲರಿಗೂ ನಿಲುಕುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್ ಅಲ್ಲದೆ ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗಗಳಿವೆ. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ಮನೆಯಿಂದ ಹೊರಡಲಾಗದವರು 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಗೆ, 14416ಕ್ಕೆ, ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮೊದಲ ಭೇಟಿಯಲ್ಲಿ ಬಹುಪಾಲು ಪ್ರಶ್ನೆಗಳೇ ಇರುತ್ತವೆ: ತೊಂದರೆ ಯಾವಾಗ ಶುರುವಾಯಿತು, ನಿದ್ದೆ ಊಟ ಹೇಗಿದೆ, ಮನೆಯಲ್ಲಿ ಯಾರಿದ್ದಾರೆ, ಹಿಂದೆ ಔಷಧ ತೆಗೆದುಕೊಂಡದ್ದುಂಟೇ. ದೇವಸ್ಥಾನಕ್ಕೋ ದರ್ಗಾಕ್ಕೋ ಹೋಗಿ ಬಂದಿದ್ದರೆ ಅದನ್ನೂ ಹೇಳಬಹುದು, ಯಾರೂ ನಗುವುದಿಲ್ಲ, ಬಿಡಿ ಎಂದೂ ಹೇಳುವುದಿಲ್ಲ. ಹೇಳಲು ಮನಸ್ಸಿಲ್ಲದ್ದನ್ನು ‘ಇದು ಇವತ್ತು ಬೇಡ’ ಎಂದು ಬದಿಗಿಡುವ ಹಕ್ಕೂ ನಿಮಗಿದೆ. ಕಾಲೇಜಿನ ಮಗಳ ಜೊತೆ ಬಂದ ತಂದೆತಾಯಿಯನ್ನು ಒಂದಷ್ಟು ಹೊತ್ತು ಒಳಗೆ ಕರೆದು ಮಾತಾಡಿಸಿ, ಆಮೇಲೆ ಹೊರಗಿನ ಬೆಂಚಿನಲ್ಲಿ ಕೂರಲು ಹೇಳುತ್ತಾರೆ. ಆ ಮುಕ್ಕಾಲು ಗಂಟೆ ಒಳಗೆ ಏನು ಮಾತಾಯಿತು ಎಂಬುದನ್ನು ಮಗಳು ತಾನಾಗಿ ಹೇಳಿದರೆ ಕೇಳಿಸಿಕೊಳ್ಳುವುದು, ಹೇಳದಿದ್ದರೆ ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಹೊರಡುವುದು.